ಕಾಲೂರದೆ ಎಂಟು

ಆರ್‌ಟಿಓ ಕಚೇರಿಯ ಕಾಂಪೌಂಡಿಗೆ ಒರಗಿ
ಒಂದು ಟೇಬಲ್ಲು, ಎರಡು ಕುರ್ಚಿ, ಒಂದರ ಕಾಲು ಕುಂಟು.
ಗಂಡ ಬಿಟ್ಟುಹೋದ ಆಸ್ತಿ ಇಷ್ಟೇ, ಜೊತೆಗೆ
ಯಾವ ಸಾಹೇಬರ ಮೂಡು ಯಾವ ವಾರ ಕೆಡುತ್ತದೆಂಬ ತಿಳಿವಳಿಕೆ.
ಹದಿನಾಲ್ಕು ವರ್ಷದಿಂದ ಫಾರಂ ತುಂಬುತ್ತಿದ್ದೇನೆ.
ಶಿವಮೊಗ್ಗದ ಅರ್ಧ ಸ್ಟೇರಿಂಗುಗಳು
ನನ್ನ ಕೈಬರಹ ದಾಟಿಯೇ ರಸ್ತೆಗೆ ಇಳಿದಿವೆ.

ಅವನು ಬಂದದ್ದು ಒಂದು ಮಂಗಳವಾರ, ಊಟದ ಹೊತ್ತು ಮೀರಿ.
ಉಗುರಿನ ಸಂದಿಯಲ್ಲಿ ಕೆಮ್ಮಣ್ಣು, ಮೈಗೆಲ್ಲ ಹಸಿಶುಂಠಿಯ ವಾಸನೆ.
ಹೆಸರು ಮೈನುಲ್. ಆನಂದಪುರದ ಆಚೆ
ಯಾರದೋ ಗೇಣಿ ಹೊಲದಲ್ಲಿ ಶುಂಠಿ ಕೀಳುತ್ತಾನೆ, ತೊಳೆಯುತ್ತಾನೆ,
ರಾತ್ರಿ ಪಿಕಪ್ಪಿಗೆ ತುಂಬಿ ಮಂಡಿಗೆ ತರುತ್ತಾನೆ.
ಲೈಸೆನ್ಸು ಯಾರ ಹತ್ತಿರ ಅಂದೆ.
ಧಣಿಯ ಅಳಿಯನ ಹತ್ತಿರ. ಆತ ಪಕ್ಕದ ಸೀಟಿನಲ್ಲಿ
ಕಂಬಳಿ ಹೊದ್ದು ಮಲಗಿರುತ್ತಾನೆ.
ಆಯನೂರು ಹತ್ತಿರವಾದಂತೆ
ಇವನು ತಿವಿದು ಎಬ್ಬಿಸಬೇಕು, ಕತ್ತಲಲ್ಲೇ ಸೀಟು ಬದಲು.
ಹೀಗೆ ಲೈಸೆನ್ಸು ನಿದ್ದೆ ಮಾಡುತ್ತದೆ,
ನಿದ್ದೆಗೆಟ್ಟವನು ಗಾಡಿ ಓಡಿಸುತ್ತಾನೆ.

ಫಾರಂ ಬಿಡಿಸಿದೆ.
ಹುಟ್ಟಿದ ಸ್ಥಳ?
ನದಿ ತಿಂತು ಅಕ್ಕಾ.
ಯಾವ ನದಿ? ಹೇಳಿದ. ಬಹಳ ದೊಡ್ಡ ನದಿ,
ನಮ್ಮ ತುಂಗೆ ಅದರ ತೋಳಿನ ಒಂದು ನರ ಇದ್ದೀತು.
ಶಾಲೆ? ಅದನ್ನೂ ತಿಂತು.
ಅಪ್ಪನ ಹೆಸರು ಒಂದು ಚೀಟಿಯಲ್ಲಿ ಒಂದು ಥರ,
ಇನ್ನೊಂದರಲ್ಲಿ ಒಂದಕ್ಷರ ಬೇರೆ;
ಆ ಒಂದಕ್ಷರದ ಸಂದಿಯಲ್ಲಿ
ಮನೆಮಂದಿಯೆಲ್ಲ ಪಟ್ಟಿಯಿಂದ ಆಚೆ ಜಾರಿದರಂತೆ.
ಗಡಿಯ ಈಚೆಯವನೋ ಆಚೆಯವನೋ ನಾನು ಕೇಳಲಿಲ್ಲ.
ಕೇಳಿದ್ದರೆ ಅವನಿಗಾದರೂ ಗೊತ್ತಿತ್ತೋ ಇಲ್ಲವೋ.

ಮೈಮೇಲಿನ ಗುರುತು ಅಂತ ಒಂದು ಕಾಲಂ.
ಅದೊಂದಕ್ಕೆ ಥಟ್ಟನೆ ತೋಳು ಮಡಚಿ ತೋರಿಸಿದ:
ಪಂಪಿನ ಬೆಲ್ಟು ಎಳೆದುಕೊಂಡ ಗಾಯ,
ಮೊಣಕೈಯಿಂದ ಮಣಿಕಟ್ಟಿನವರೆಗೆ.
ಬರೆದೆ. ಹೆಸರು ಬಿಟ್ಟರೆ
ಇಡೀ ಹಾಳೆಯಲ್ಲಿ ಶಾಯಿ ಕಂಡ ಜಾಗ ಅದೊಂದೇ.

ಆಗೋದಿಲ್ಲ ತಮ್ಮಾ ಅಂದೆ.
ಎಷ್ಟು ಕೊಟ್ಟರೆ ಆಗುತ್ತೆ ಅಂದ.
ಸುಳ್ಳು ಬಾಡಿಗೆ ಕರಾರು ಬರೆದುಕೊಡುವವರು
ಇದೇ ಸಾಲಿನಲ್ಲಿ ಇಬ್ಬರಿದ್ದಾರೆ. ಹೆಸರು ಹೇಳಲಿಲ್ಲ.
ಸಿಕ್ಕಿಬಿದ್ದ ದಿನ ಜೈಲು ಅವರಿಗಲ್ಲ.

ನನ್ನಪ್ಪ ಹುಟ್ಟಿದ ಊರೂ ನೀರಿನಡಿಯೇ.
ಬಿರುಬೇಸಿಗೆಯ ವರ್ಷ ಶರಾವತಿಯ ಹಿನ್ನೀರು ಇಳಿದು
ಒಂದು ಒರಳುಕಲ್ಲು ಮೇಲೆ ಬರುತ್ತಿತ್ತು,
ಅಪ್ಪ ಹೋಗಿ ಮುಟ್ಟಿ ಬರುತ್ತಿದ್ದ.
ನೆಲದ ಹಕ್ಕುಪತ್ರಕ್ಕೆ ನಾವೂ ಚಪ್ಪಲಿ ಸವೆಸಿದ್ದೇವೆ.
ಆದರೂ ನೀವು ಯಾವ ದೇಶದವರು ಅಂತ
ನಮ್ಮನ್ನು ಯಾರೂ ಕೇಳಲಿಲ್ಲ.
ನಮ್ಮೂರು ಮುಳುಗಿದ್ದಕ್ಕೆ ಸರ್ಕಾರಿ ಆದೇಶವಿತ್ತು;
ಅವನೂರು ನುಂಗಿದ ನದಿ ಎಲ್ಲಿಯೂ ಸಹಿ ಹಾಕಲಿಲ್ಲ.

ಭಾನುವಾರ, ಮರೆತ ಕನ್ನಡಕಕ್ಕೆಂದು ಹೋದೆ.
ಟೆಸ್ಟಿನ ಮೈದಾನದಲ್ಲಿ ನಾಲ್ಕು ಮೇಕೆ,
ಮೊನ್ನೆಯ ಮಳೆಗೆ ಅರ್ಧ ಅಳಿಸಿದ ಸುಣ್ಣದ ಗೆರೆ,
ಆ ಗೆರೆಯ ಮೇಲೆ
ಯಾರದೋ ಹಳೇ ಬೈಕಿನಲ್ಲಿ ಅವನು.

ಎಂಟು ಹಾಕುವಾಗ ನಿಯಮ ಒಂದೇ:
ಕಾಲು ನೆಲಕ್ಕೆ ಊರಬಾರದು.
ಊರಿದರೆ ಫೇಲು, ಮುಂದಿನ ತಿಂಗಳು ಬಾ.
ಇಲ್ಲೇ ಹುಟ್ಟಿ, ಇಲ್ಲೇ ಬೆಳೆದು,
ಫೈಲು ತುಂಬ ದಾಖಲೆ ತಂದ ಹುಡುಗರು
ಎರಡನೇ ತಿರುವಿನಲ್ಲಿ ತಡಬಡಿಸಿ
ಕಾಲೂರಿದ್ದನ್ನು ಎಷ್ಟು ಕಂಡಿಲ್ಲ ನಾನು.

ಅವನು ಊರಲಿಲ್ಲ.
ಒಂದು ಸುತ್ತು, ಮತ್ತೊಂದು, ಮತ್ತೂ ಒಂದು,
ನೆಲ ತನ್ನದಲ್ಲವೆಂದು ಮೊದಲೇ ಗೊತ್ತಿದ್ದ ಹಾಗೆ
ಮೊಣಕಾಲು ಟ್ಯಾಂಕಿಗೆ ಒತ್ತಿಕೊಂಡು,
ಮೇಕೆಗಳಿಗೂ ದಾರಿ ಬಿಟ್ಟು.

ಗೇಟಿನ ಬಳಿ ನನ್ನನ್ನು ಕಂಡು ವೇಗ ಇಳಿಸಿದ.
ಹೇಗಿತ್ತು ಅಕ್ಕಾ?
ಇಂಡಿಕೇಟರ್ ಹಾಕಲಿಲ್ಲ ನೀನು ಅಂದೆ,
ಸಾಹೇಬರ ದನಿಯಲ್ಲಿ.
ನಕ್ಕ. ತಿರುಗಿಸಿಕೊಂಡು ಹೋಗಿ ಮತ್ತೊಮ್ಮೆ ಹಾಕಿದ,
ಎಡಕ್ಕೆ ಮಿನುಗಿಸಿ, ಬಲಕ್ಕೆ ಮಿನುಗಿಸಿ,
ತಾನು ಯಾವ ಕಡೆ ತಿರುಗುತ್ತೇನೆಂದು
ಖಾಲಿ ಮೈದಾನಕ್ಕೆ ಮುಂಚಿತವಾಗಿ ತಿಳಿಸುತ್ತಾ.