ಇಲ್ಲದ ಬಾವಿ ನೋಡಲು ಬಂದವಳು

ಏಳು ವರ್ಷ ನಾವು ಮೂವರು
ಯಾರ ಮನೆಯದೂ ಅಲ್ಲದ ಇಂಗ್ಲಿಷಿನಲ್ಲಿ
ಒಬ್ಬರ ಪದ್ಯ ಇನ್ನೊಬ್ಬರು ತಿದ್ದುತ್ತಿದ್ದೆವು.
ಹಗಲು ನಾನು ಬೋಳಾರದ ಸೊಸೈಟಿಯಲ್ಲಿ
ಅಡಮಾನಕ್ಕೆ ಬಂದ ಚಿನ್ನ ಒರೆಗಲ್ಲಿಗೆ ಉಜ್ಜುವವ;
ರಾತ್ರಿ, ಲಂಕೆಯ ದಿಲ್ರುಕ್ಷಿಯ ಒಂದು ಕ್ರಿಯಾಪದ,
ಉಳ್ಳಾಲದ ಝುಲೇಖಾಳ ಒಂದು ಅಲ್ಪವಿರಾಮ
ಉಜ್ಜಿ ನೋಡುವವ.

ಉಳ್ಳಾಲ ನನಗೆ ಒಂದು ಸೇತುವೆಯ ದೂರ,
ಅರ್ಧ ಗಂಟೆಯ ಬಸ್ಸು.
ಏಳು ವರ್ಷ ಅವಳೂ ಬರಲಿಲ್ಲ, ನಾನೂ ಹೋಗಲಿಲ್ಲ.
ಕೊನೆಗೆ ಒಬ್ಬಳು ರಜೆ ಹಾಕಿ, ಕಡಲು ಹಾರಿ ಬರುತ್ತೇನೆಂದಾಗ
ನಾವಿಬ್ಬರೂ ನಾಚಿಕೊಂಡು ನೇತ್ರಾವತಿ ದಾಟಿದೆವು.
ಅಂದರೆ, ಅವಳು ದಾಟಿದಳು.
ನಾನು ಹಂಪನಕಟ್ಟೆಯವರೆಗೆ ನಡೆದೆ, ಅಷ್ಟೆ.

ಐಸ್‌ಕ್ರೀಮ್ ಅಂಗಡಿ. ಗಡ್‌ಬಡ್ ಮೂರು.
ಎತ್ತರದ ಗ್ಲಾಸು, ಉದ್ದ ಚಮಚ, ಮಾತಿಲ್ಲ.
ಪದ್ಯದಲ್ಲಿ ಅಷ್ಟು ಪಿಸುಗುಡುವ ದಿಲ್ರುಕ್ಷಿಗೆ
ಮೀನು ಏಲಂ ಕೂಗುವವರ ಗಂಟಲು.
ಬೆಂಕಿಯಂಥ ಸಾಲು ಬರೆಯುವ ಝುಲೇಖಾ
ಚೆರ್ರಿ ಹಣ್ಣನ್ನು ತಿನ್ನದೆ ಅಂಚಿಗೆ ಸರಿಸುತ್ತಾ
'ನೀವು ಮೊದಲು', 'ಇಲ್ಲ, ನೀವು' ಅನ್ನುತ್ತಾಳೆ.
ನನ್ನ ಇಂಗ್ಲಿಷೋ ಬೆರಳಲ್ಲಿತ್ತು, ನಾಲಿಗೆಗೆ ಇಳಿದಿರಲಿಲ್ಲ.
ಪ್ರಯಾಣ ಸುಖವಾಯಿತೇ ಅಂತ ಎರಡು ಸಲ ಕೇಳಿದೆ.
ಎರಡು ಸಲವೂ ಆಯಿತಂತೆ.

ಆಮೇಲೆ ಅವಳು ಚಮಚ ಕೆಳಗಿಟ್ಟು ಹೇಳಿದಳು:
'ಈಗ ಆ ಬಾವಿ ತೋರಿಸು.'

ಯಾವ ಬಾವಿ ಅಂತ ಕೇಳುವ ಹಾಗಿರಲಿಲ್ಲ.
ಹನ್ನೊಂದು ಪದ್ಯದಲ್ಲಿ ಬರೆದಿದ್ದೆ ಅದನ್ನು:
ಕೆಂಪು ಮುರಕಲ್ಲಿನ ಕಟ್ಟೆ, ಒಳಗೋಡೆಗೆ ಜರಿಗಿಡ,
ಅಜ್ಜಿಯ ಬಳೆ ಬಿದ್ದು ಇವತ್ತಿಗೂ ಮಿನುಗುವ ತಳ.
ಕೊಡ ಮುಳುಗುವ ಸದ್ದಿಗೆ ಅವಳೇ ಒಂದು ಪದ ಹುಡುಕಿ ಕೊಟ್ಟಿದ್ದಳು.
'ಒಂದು ಬಳೆ ಸಾಕು, ಜೋಡಿ ಬೇಡ' ಅಂದಿದ್ದಳು ಝುಲೇಖಾ.
ಒಂದನ್ನು ತೆಗೆದಿದ್ದೆ.

ನನ್ನ ಮನೆ ಮೂರನೇ ಮಹಡಿ.
ನೀರು ಕಾರ್ಪೊರೇಷನ್ನಿನದು, ದಿನ ಬಿಟ್ಟು ದಿನ.
ಹುಟ್ಟಿದ್ದೂ ಬಾಡಿಗೆ ಮನೆಯಲ್ಲಿ, ಬೀದಿ ನಳ್ಳಿಯ ಎದುರು.

ಹೇಳಲಾಗದೆ ಅವರನ್ನು ಸುಲ್ತಾನ್ ಬತ್ತೇರಿಗೆ ಕರೆದೊಯ್ದೆ.
ತಣ್ಣೀರುಬಾವಿಯ ದೋಣಿ ಹತ್ತಿಸಿದೆ,
ಊರ ಹೆಸರಲ್ಲಾದರೂ ಒಂದು ಬಾವಿ ಇರಲಿ ಎಂದು.
ಹೊಳೆಯ ನಡುವೆ, ಇಂಜಿನ್ನಿನ ಸದ್ದಿನೊಳಗೆ,
ಸಣ್ಣಗೆ ಹೇಳಿದೆ. ಅವಳು ಕಿವಿಗೆ ಕೈಯಿಟ್ಟಳು.
ಗಾಬರಿಗೆ ಬಾಯಿಂದ ತುಳುವೇ ಬಂತು:
'ಗುವೆಲ್ ಇಜ್ಜಿ!'
ದೋಣಿಗೆಲ್ಲ ಕೇಳಿತು.
ಬಲೆ ಹೊತ್ತಿದ್ದವನೊಬ್ಬ, ಪಾಪ, ತಿರುಗಿ ಸಮಾಧಾನ ಹೇಳಿದ:
ಬೋರ್‌ವೆಲ್ ತೆಗೆಸಿ ಮಾರಾಯ್ರೆ, ನಮ್ಮವರೇ ಒಬ್ಬರಿದ್ದಾರೆ.
ಝುಲೇಖಾ ಕಂಬ ಹಿಡಿದು ನಕ್ಕು ನಕ್ಕು
ಕೊನೆಗೆ ಅನುವಾದಿಸಿದಳು.

ದಿಲ್ರುಕ್ಷಿ ನಗಲಿಲ್ಲ. ನೀರು ನೋಡಿದಳು.
ಆಮೇಲೆ ಅದೇ ಏಲಂ ಗಂಟಲಲ್ಲಿ:
'ಸುರಂಗ ಬದುಕಿದ್ದಾನೆ.'

ಸುರಂಗ, ಅವಳ ತಮ್ಮ. ಅಲೆ ಎಳೆದುಕೊಂಡು ಹೋದವ.
ದಡಕ್ಕೆ ಬಂದ ಅವನ ಒಂದು ಚಪ್ಪಲಿಯ ಮೇಲೆ
ಅವಳು ವರ್ಷವಿಡೀ ಬರೆದಿದ್ದಳು.
ಟೈರಿನ ಅಂಗಡಿ ಇಟ್ಟಿದ್ದಾನಂತೆ. ದಪ್ಪಗಾಗಿದ್ದಾನಂತೆ.
ಆಸ್ತಿಯ ವಿಷಯಕ್ಕೆ ಮಾತು ಬಿಟ್ಟು ಒಂಬತ್ತು ವರ್ಷವಂತೆ.
ಆ ಪದ್ಯ ಓದಿ ನಾನು ಸೊಸೈಟಿಯ ಕೌಂಟರಿನಲ್ಲಿ
ತಕ್ಕಡಿಯೆದುರು ಕಣ್ಣೊರೆಸಿಕೊಂಡಿದ್ದೆ;
ಸರ ತಂದಿದ್ದ ಹೆಂಗಸು ತನ್ನದು ನಕಲಿಯೇನೋ ಎಂದು ಹೆದರಿದ್ದಳು.

ನಮ್ಮ ಕಡೆ ಸುರಂಗ ಅಂದರೆ, ಅಂದೆ,
ಗುಡ್ಡವನ್ನು ಅಡ್ಡಕ್ಕೆ ಕೊರೆದು ನೀರು ತರುವುದು.
ಮಲಗಿದ ಬಾವಿ.
ಅವಳು ಚೀಟಿ ತೆಗೆದು ಬರೆದುಕೊಂಡಳು. ಅಭ್ಯಾಸ.

ಇಬ್ಬರೂ ಝುಲೇಖಾಳ ಕಡೆ ತಿರುಗಿದೆವು.
ವಾರ್ಡಿನ ರಾತ್ರಿಪಾಳಿಯ ನರ್ಸು ಅವಳು.
ಏಳನೇ ಮಂಚದ ಹುಡುಗನಾದರೂ
ಕಟ್ಟಿದ ಕತೆಯಾಗಿರಲಿ, ಅಂತ ಇತ್ತು ನಮಗೆ.
'ನನ್ನದೆಲ್ಲ ನಿಜವೇ,' ಅಂದಳು,
ಸೆರಗಿನ ಅಂಚಿಗೆ ತಾಗಿದ ನೀರು ಹಿಂಡುತ್ತಾ.

ದೋಣಿ ದಡಕ್ಕೆ ಡಿಕ್ಕಿ ಹೊಡೆಯಿತು. ಇಳಿದೆವು.
ಚರುಮುರಿ ತಿಂದೆವು. ಖಾರ ಜಾಸ್ತಿಯಾಗಿ
ಮೂವರ ಕಣ್ಣಲ್ಲೂ ನೀರು.

ಅವಳು ಹೋಗಿ ಇಪ್ಪತ್ತನೇ ದಿನ ಪದ್ಯ ಬಂತು.
ಕೆಂಪು ಕಟ್ಟೆ. ಜರಿಗಿಡ. ದಪ್ಪಗಿನ ಗಂಡಸೊಬ್ಬ
ಟೈರಿನ ಮಸಿ ಅಂಟಿದ ಕೈಯಲ್ಲಿ ಹಗ್ಗ ಇಳಿಬಿಡುತ್ತಿದ್ದಾನೆ.
ಅಕ್ಕ ಖಾಲಿ ಕೊಡ ಹಿಡಿದು, ಮಾತಾಡದೆ, ಕಾಯುತ್ತಿದ್ದಾಳೆ.

ಝುಲೇಖಾ ಒಂದು ಅಲ್ಪವಿರಾಮ ತೆಗೆದಳು.
ನಾನು ಬರೆದೆ: ಎಲ್ಲ ಸರಿಯಿದೆ, ಆದರೆ
ಆ ಹಗ್ಗ ಹಳೆಯದು, ರಾಟೆಯ ಹತ್ತಿರ ಸವೆದಿದೆ,
ಅವನಿಗೆ ಸ್ವಲ್ಪ ಮೆಲ್ಲ ಎಳೆಯಲು ಹೇಳು.