ಮಳೆಗಾಲದ ರೇಟು

ಕಕ್ಕಬ್ಬೆಯ ಹೋಂಸ್ಟೇಯಲ್ಲಿ ಹನ್ನೊಂದು ವರ್ಷ
ಹಾಸಿಗೆ ಕೊಡವಿದವಳು ನಾನು.
ಯಾರು ಹೇಗೆ ದುಡ್ಡು ಉಳಿಸುತ್ತಾರೆ, ನನ್ನನ್ನು ಕೇಳಿ.
ಇಬ್ಬರ ಕೋಣೆ ಹಿಡಿದು ಉಳಿದ ಮೂವರನ್ನು
ಕಾರಿನ ಹಿಂದೆ ಮಲಗಿಸಿ ಗೇಟು ದಾಟಿಸುವವರು,
ಚಹಾದ ಕೆಟಲಿನಲ್ಲಿ ಮೊಟ್ಟೆ ಬೇಯಿಸುವವರು
(ವಾಸನೆ ಹೋಗಲು ಎರಡು ನಿಂಬೆ ಬೇಕು, ಅದು ನನ್ನ ಲೆಕ್ಕಕ್ಕೆ),
ಸವೆದ ಸೋಪನ್ನೂ ಸುತ್ತಿ ಒಯ್ಯುವವರು.
ನಗಬೇಡಿ.
ನಾನು ನಗಲಿಲ್ಲ, ಕಲಿತೆ.

ಹಳೆಯ ರಿಜಿಸ್ಟರಿನ ಬೆನ್ನುಹಾಳೆಯಲ್ಲಿ
ಫಿಲೋಮಿನ ದಪ್ಪಕ್ಷರದಲ್ಲಿ ಬರೆದಳು: ಅಂಡಮಾನ್.
ಕೆಳಗೊಂದು ಗೀಟು. ಗೀಟಿನ ಕೆಳಗೆ: ನಲವತ್ತು ರೂಪಾಯಿ.
ನಾಲ್ಕನೇ ಕೋಣೆಯ ಮುದುಕರು ಕೊಟ್ಟ ಟಿಪ್ಸು,
ಅಷ್ಟೇ ಇತ್ತು ಅವತ್ತು.

ಆಮೇಲೆ ಬಂದದ್ದೆಲ್ಲ ಚಿಲ್ಲರೆ.
ಕೊಯ್ಲು ಮುಗಿದ ಬಳ್ಳಿಯ ಬುಡದಲ್ಲಿ
ಉದುರಿದ ಮೆಣಸು, ಆಯ್ದುಕೋ ಅಂದಿದ್ದರು ಸಾಹುಕಾರರು.
ಜೀಪು ಬಿಟ್ಟು ನಡೆದ ಭಾನುವಾರಗಳ ಇಪ್ಪತ್ತಿಪ್ಪತ್ತು.
ನಾಪೋಕ್ಲು ಸಂತೆಯಲ್ಲಿ ಅವಳ ಹಂದಿ ಉಪ್ಪಿನಕಾಯಿಯ ಬಾಟಲಿಗಳು.
ನಾನು ಪುತ್ತರಿಗೆ ತೆಗೆಯದ ಒಂದು ಸೀರೆ.
ಗಿಳಿಹಸಿರು, ಕೆಂಪು ಅಂಚು.
ಅದೊಂದನ್ನು ಈಗಲೂ ನೆನೆಯುತ್ತೇನೆ.

ಹಾಸಿಗೆಯ ಸಂದಿಯಲ್ಲಿ ಒಮ್ಮೆ ಐನೂರರ ನೋಟು ಸಿಕ್ಕಿತು.
ಒಂದು ರಾತ್ರಿ ಇಟ್ಟುಕೊಂಡೆ. ಬೆಳಿಗ್ಗೆ ಕೊಟ್ಟೆ.
ಫಿಲೋಮಿನ ಎರಡು ದಿನ ಮಾತು ಬಿಟ್ಟಳು.

ನಾಲ್ಕು ವರ್ಷ ಕಳೆದು ಕೂಡಿಸಿದರೆ
ಜನವರಿಯ ರೇಟಿಗೆ ಸರಿಯಾಗಿ ಅರ್ಧ.
"ಜೂನಿನಲ್ಲಿ ಅರ್ಧಕ್ಕೇ ಕೊಡುತ್ತಾರಂತೆ."
"ಯಾಕಂತೆ?"
"ಮಳೆಯಂತೆ."
ಬಕೆಟ್ಟು ಕೆಳಗಿಟ್ಟು ನಕ್ಕೆವು, ಹೊಟ್ಟೆ ಹಿಡಿದುಕೊಂಡು.
ತಡಿಯಂಡಮೋಳಿನ ಬುಡದವರಿಗೆ
ಮಳೆ ತೋರಿಸಿ ರಿಯಾಯಿತಿ ಕೊಡುವ ಪುಣ್ಯಾತ್ಮ
ಯಾವ ತಾಯಿಯ ಮಗನೋ!

ಮದರಾಸಿನಿಂದ ಹಡಗು, ಬಂಕ್ ಕ್ಲಾಸು.
ಅವಳು ವಾಂತಿ ಮಾಡಿದಳು, ನಾನು ರೊಟ್ಟಿ ತಿಂದೆ.
ಬೆಳಿಗ್ಗೆ ಎದ್ದು ನನ್ನ ಹೊದಿಕೆ ಮಡಿಚಿದೆ,
ಅವಳದನ್ನು ಮಡಿಚಿದೆ,
ಎದುರಿನ ಬಂಕಿನ ಗುರುತಿಲ್ಲದ ಗಂಡಸಿನದನ್ನೂ.
ಕೈ ಮಾತು ಕೇಳಲಿಲ್ಲ.

ಮೊದಲ ದಿನ, "ಬೋಟಿಲ್ಲ."
ಎರಡನೆಯ ದಿನ, "ಗಾಳಿ ಜೋರಿದೆ, ಬೋಟಿಲ್ಲ."
ಕ್ಯಾಲೆಂಡರಿನಿಂದ ಕತ್ತರಿಸಿ ತಂದಿದ್ದ ನೀಲಿ
ಬ್ಯಾಗಿನಲ್ಲೇ ಒದ್ದೆಯಾಯಿತು.
ಕಿಟಕಿಯಾಚೆಗಿನ ಕಡಲು
ಅಕ್ಕಿ ತೊಳೆದ ನೀರಿನ ಬಣ್ಣ.

ಲಾಡ್ಜಿನ ಶೆಫಾಲಿ ಒಲೆ ಬಿಟ್ಟುಕೊಟ್ಟಳು.
ಅರ್ಧ ಕಿಲೋ ಮೀನು, ನಮ್ಮ ಸೂಜಿಮೆಣಸು,
ಊರಿನಿಂದ ಹೊತ್ತ ಕಾಚಂಪುಳಿ.
ಈ ಕಪ್ಪು ಏನು ಎಂದು ಮೂಸಿದಳು, ನೆಕ್ಕಿದಳು,
ಮುಖ ಸೊಟ್ಟ ಮಾಡಿ ಮತ್ತೆ ಬೆರಳು ಚಾಚಿದಳು.
ಗ್ಯಾಸಿನ ದುಡ್ಡು ಬೇಡ ಅಂದಳು. ಬಾಟಲಿ ಅಲ್ಲೇ ಬಿಟ್ಟೆವು.
ಉಳಿತಾಯವೋ ನಷ್ಟವೋ,
ಫಿಲೋಮಿನ ಆ ಸಾಲನ್ನು ಖಾಲಿ ಬಿಟ್ಟಿದ್ದಾಳೆ.

ಮೂರನೆಯ ದಿನ ಸಂಜೆ ಇಪ್ಪತ್ತು ನಿಮಿಷ ಬಿಸಿಲು.
ಓಡಿದೆವು, ಚಪ್ಪಲಿ ಕೈಯಲ್ಲಿ.
ಒಂದು ಅಲೆ ಮೊಣಕಾಲಿಗೆ ಬಂದು
ಕಾಲ ಕೆಳಗಿನ ಮರಳನ್ನು ಎಳೆದುಕೊಂಡು ಹೋಯಿತು,
ನಾನು ಶೀಟು ಎಳೆಯುವ ಹಾಗೇ,
ಒಂದೇ ಜಗ್ಗಿಗೆ, ಸುಕ್ಕಿಲ್ಲದೆ.
ಇದನ್ನು ಯಾರಿಗೂ ಹೇಳಿಲ್ಲ.

ಉಳಿದದ್ದು ಮುನ್ನೂರ ಎಪ್ಪತ್ತು.
ರಿಜಿಸ್ಟರಿನಲ್ಲಿದೆ. ಅವಳು ಪಾಲು ಕೇಳಿಲ್ಲ.

ಈಗ ಜುಲೈ. ಏಳನೇ ಕೋಣೆಯ ಜೋಡಿ
ಮುಖ ಊದಿಸಿಕೊಂಡು ವರಾಂಡದಲ್ಲಿ ಕೂತಿದೆ,
ಅರ್ಧ ರೇಟಿಗೆ ಬಂದವರು.
ಕಾಫಿ ಕೊಟ್ಟು, ಒಣಗಿದ ಟವೆಲು ಕೊಟ್ಟು,
"ನಾಳೆ ಬಿಡಬಹುದು" ಅಂದೆ.
ಶೆಫಾಲಿಯೂ ನನಗೆ ಹೀಗೇ ಅಂದಿದ್ದಳು,
ಮೊದಲ ದಿನ, ಕಣ್ಣು ತಪ್ಪಿಸಿ.