ಹದ

ಸಾತ್ ರಸ್ತಾದ ಬೇಕರಿಯ ಗಾಜಿನ ಪೆಟ್ಟಿಗಿಯೊಳಗ
ಬಿಳಿ, ಗುಲಾಬಿ, ತಿಳಿಹಸಿರು ಉಂಡಿ,
ಮುಂದ ಒಂದು ಚೀಟಿ: ಮೋಚಿ, ಒಂದಕ್ಕ ಎಂಬತ್ತು.

ಆಯಿಗೆ ಓದಾಕ ಬರೂದಿಲ್ಲ, ನಾನೇ ಓದಿ ಹೇಳಿದೆ.
ಚಪ್ಪಲಿ ಹೊರಗ ಬಿಟ್ಟು ಬಂದಿದ್ದಳು
(ಬೇಕರಿಗೆ ಯಾರೂ ಚಪ್ಪಲಿ ಬಿಡೂದಿಲ್ಲ)
ನಿಂತಲ್ಲೇ ನಿಂತು ಕೇಳಿದಳು:
'ನಮ್ಮವರನ್ನ ಯಾಕ ಗಾಜಿನ್ಯಾಗ ಇಟ್ಟಾರ?'

ಕೌಂಟರಿನ ಹುಡುಗಗ ಕನ್ನಡ ತಿಳಿಯಲಿಲ್ಲ, ನಕ್ಕ.
ಜಪಾನದ್ದು ಆಜಿ, ಅಕ್ಕಿ ಕುಟ್ಟಿ ಮಾಡ್ತಾರ ಅಂತ
ಮರಾಠಿಯೊಳಗ ಹೇಳಿ, ತುಣುಕೂ ಕೊಡದ
ಮುಂದಿನ ಗಿರಾಕಿಗೆ ಹೊಳ್ಳಿದ.

ಲಷ್ಕರದ ನಮ್ಮ ಓಣಿ ಬರೂತನಕ ರಿಕ್ಷಾದಾಗ
ಅಕಿ ತುಟಿ ಬಿಚ್ಚಲಿಲ್ಲ. ಇಳಿಯೂ ಮುಂದ ಅಂದಳು:
'ಎಂಬತ್ತು ರೂಪಾಯಿ!
ನಿಮ್ಮ ಮುತ್ಯಾ ಅಟ್ಟಿ ಹಚ್ಚಾಕ ಎಂಟಾಣೆ ತಗೋತಿದ್ದ.
ಹೆಂಗ ಮಾಡ್ತಾರ, ಫೋನಿನ್ಯಾಗ ನೋಡು.'

ನೋಡಿದೆ.
ಅವರ ಅಕ್ಕಿ ಸೊಲ್ಲಾಪುರದಾಗ ಸಿಗೂದಿಲ್ಲ.
ಇಂದ್ರಾಯಣಿ ತಂದೆ, ಬೇಯಿಸಿದರ
ಒಂದನ್ನೊಂದು ಅಪ್ಪಿಕೊಳ್ಳೂ ಜಾತಿ.
ಗಿರಣಿಯವ ಜೋಳ ಬೀಸಿದ ಕಲ್ಲಿಗೇ ಸುರುವಿದ,
ಹಿಟ್ಟಿನ ತುಂಬ ಕಂದು ಚುಕ್ಕಿ.

ಮೊದಲನೇ ಸಲ ಗಂಜಿ.
ಎರಡನೇ ಸಲ ರಬ್ಬರು; ತಮ್ಮನ ಮಗ ಸುಮೇಧ
ಗ್ವಾಡಿಗೆ ಒಗದು ಕ್ಯಾಚು ಹಿಡದ.
ಮೂರನೇ ಸಲ ಆಯಿ ಸೆರಗು ಸಿಗಿಸಿ ಎದ್ದಳು.

ಸಾಂಗೋಲ್ಯಾದ ದಾಳಿಂಬರಿ, ಮಳಿಗೆ ಸೀಳಿದ್ದು,
ಮಂಡಿಯೊಳಗ ಅರ್ಧ ರೇಟಿಗೆ ಬಂದಿತ್ತು.
ಹಳೇ ಧೋತರದಾಗ ಹಾಕಿ ಹಿಂಡಿದಿವಿ.
ಮೊಣಕೈತನಕ ಹರೀತು ರಸ.
ಆ ಕೆಂಪಿನ್ಯಾಗ ಸಕ್ಕರಿ ಕರಗಿಸಿ, ಹಿಟ್ಟು ಕಲಿಸಿ,
ಇಡ್ಲಿ ಪಾತ್ರಿಯ ಉಗಿಗೆ ಇಟ್ಟಿವಿ.

'ಸಿಪ್ಪಿ ಒಗೀಬ್ಯಾಡ,' ಅಂದಳು ಆಯಿ.
'ಜಾಲಿ ತೊಗಟಿ ಸಿಗದ ವರ್ಷ ನಮ್ಮಪ್ಪ
ಇದನ್ನ ಗುಂಡಿಗೆ ಹಾಕಿ ತೊಗಲು ಹದಾ ಮಾಡಿದ್ದ.
ತಿಂದವರು ಯಾರೋ, ಸಿಪ್ಪಿ ಆರಿಸಿದವರು ನಾವು.'

ಉಗಿಯಿಂದ ತಗದ ಮುದ್ದಿ ಕುಟ್ಟಬೇಕಲ್ಲ,
ಎಲ್ಲಿ?
ಆಯಿ ಹಿತ್ತಲಕ್ಕ ಹೋಗಿ ಮುತ್ಯಾನ ಕಲ್ಲು ಉರುಳಿಸಿಕೊಂಡು ಬಂದಳು,
ಅವ ಐವತ್ತು ವರ್ಷ ತೊಗಲು ಬಡದ ಕರೀ ಕಲ್ಲು,
ನಡಬರಕ ಬಟ್ಟಲದಂಗ ತೆಗ್ಗು ಬಿದ್ದದ್ದು.

ಅವ್ವ ಬಾಗಿಲದಾಗಿಂದ ಚೀರಿದಳು:
'ಅದರ ಮ್ಯಾಲ ತಿನ್ನೂದು ಕುಟ್ಟತೀರೇನು?'
ಆಯಿ ಕಲ್ಲು ತಿಕ್ಕೂದು ನಿಲ್ಲಿಸಲಿಲ್ಲ.
'ಅದರ ಮ್ಯಾಲ ಕುಟ್ಟಿದ್ದನ್ನೇ ಅಲ್ಲೇನ
ಇಷ್ಟು ದಿನ ನೀ ತಿಂದದ್ದು.'

ಅವ್ವ ಒಳಗ ಹ್ವಾದಳು. ಕುಕ್ಕರ ಸೀಟಿ ಹೊಡೀತು.

ನಾನು ಒನಕಿ ಎತ್ತಿದಾಗ ಆಯಿ
ನೀರಗೈಯಿಂದ ಮುದ್ದಿ ಹೊಳ್ಳಿಸ್ತಿದ್ದಳು.
ಎತ್ತು, ಹೊಳ್ಳಿಸು, ಎತ್ತು.
ಒಮ್ಮೆ ಬೆರಳಿಗೆ ತಾಗೇಬಿಡ್ತಿತ್ತು, ಬೈದಳು,
ಮುತ್ಯಾನ ಹೆಸರಿಡದ ಬೈಗಳು ಎಲ್ಲಾ ನನಗ ಬಂದವು.
ಭುಜ ಸೋತಾವು. ಕುಟ್ಟಿದಂಗ ಮುದ್ದಿ ಮೆತ್ತಗಾತು,
ಆಮ್ಯಾಲ ಹೊಳಪು ಬಂತು.

ಹೆಬ್ಬೆರಳು ಒತ್ತಿ ಬಿಟ್ಟಳು.
ತೆಗ್ಗು ಅವಸರಿಲ್ಲದ ತುಂಬಿಕೊಂಡಿತು.
'ಹದಾ ಬಂತು.'
ಅದೇ ಹೆಬ್ಬೆರಳು, ಅದೇ ಮಾತು;
ಒದ್ದಿ ತೊಗಲಿನ ಮ್ಯಾಲ ಒತ್ತೂದನ್ನ
ಸಣ್ಣಾಕಿದ್ದಾಗ ಕಂಡಿದ್ದೆ.

ಒಂದೊಂದರ ಹೊಟ್ಟಿಯೊಳಗ ಒಂದು ಕರೀ ದ್ರಾಕ್ಷಿ,
ಸುತ್ತ ಕಡ್ಲಿಬ್ಯಾಳಿ ಹೂರಣ.
ಹುರದ ಅಕ್ಕಿಹಿಟ್ಟಿನ್ಯಾಗ ಹೊಳ್ಳಾಡಿಸಿದಾಗ
ಗುಲಾಬಿಯೂ ಅಲ್ಲ, ಕೆಂಪೂ ಅಲ್ಲ,
ಈಗಷ್ಟ ಅತ್ತು ಮಲಗಿದ ಕೂಸಿನ ಗಲ್ಲದ ಬಣ್ಣ.

ಸುಮೇಧಗ ಎರಡು. ಅವ್ವ ಬ್ಯಾಡಂದಳು,
ಆಮ್ಯಾಲ ಫ್ರಿಜ್ಜು ತಗದ ಸಪ್ಪಳ ಕೇಳಿಸ್ತು.
ಉಳಿದ ಹನ್ನೆರಡು ರಟ್ಟಿನ ಡಬ್ಬಿಗೆ ಹಾಕಿದೆ,
ನಾಳೆ ಪಾರ್ಲರಿನ ಗೆಳತಿಯರಿಗೆ, ರೊಕ್ಕಕ್ಕ.

ಮ್ಯಾಲ ಹೆಸರು ಬರೀಬೇಕು.
ಸಾಲಿಯ ದಾಖಲಿ ಬಿಟ್ಟರ ಎಲ್ಲೂ
ನಾ ನನ್ನ ಕೈಯಾರೆ ಬರೆಯದ ಎರಡಕ್ಷರ.
ಮಾರ್ಕರಿನ ಮುಚ್ಚಳ ತಗದು ಸುಮ್ಮನ ಕುಂತೆ.
'ಶಾಯಿ ಒಣಗತೈತಿ,' ಅಂದ ಸುಮೇಧ.
ಬರದೆ. ಅಕ್ಷರ ಸೊಟ್ಟಗ ಬಿದ್ದವು.

ಆಯಿ ಮಾತ್ರ ಬಾಯಿ ಮುಚ್ಚಿಕೊಂಡು ಕುಂತಿದ್ದಳು.
ಯಾಕ, ಸೇರಲಿಲ್ಲೇನು?
ಕೈ ಅಲ್ಲಾಡಿಸಿದಳು, ತಡಿ ಅಂತ.
ಕಡೀಕ ಸೆರಗು ಮರೆಮಾಡಿ
ಹಲ್ಲಿನ ಸೆಟ್ಟು ಉಂಡಿ ಸಮೇತ ಹೊರಗ ತಗದು,
ಬಿಡಿಸಿ, ತೊಳದು, ಹಾಕ್ಕೊಂಡು ಅಂದಳು:

'ಸೀತಾಫಲ ಬರೂ ವಾರ ಹಣ್ಣಾಗತಾವ.
ಬೀಜಾ ನೀ ತಗೀಬೇಕು ಮತ್ತ.'